ನಾಲ್ಕು ಸಾವಿರ ಬೈಟಿನ ನದಿ, ಅದರ ಮೇಲೊಂದು ಯುದ್ಧವಿಮಾನ

ಟಿ.ವಿ. ಪರದೆಯ ನಟ್ಟನಡುವೆ ಒಂದು ನೀಲಿ ನದಿ. ಎರಡೂ ಬದಿಗೆ ಹಸಿರು ದಡ. ಕೆಳಗೆ ಹಳದಿ ಬಣ್ಣದ ಪುಟ್ಟ ವಿಮಾನ. ನದಿ ಮೇಲಿನಿಂದ ಕೆಳಕ್ಕೆ ಸರಿದು ಬರುತ್ತಲೇ ಇರುತ್ತದೆ. ಅದರೊಡನೆ ಹಡಗು, ಹೆಲಿಕಾಪ್ಟರ್, ಸೇತುವೆಗಳೂ ಬರುತ್ತವೆ. ಕೈಯಲ್ಲಿರುವ ಗುಂಡಿ ಒತ್ತಿದರೆ ವಿಮಾನದ ಮೂತಿಯಿಂದ ಚಿಕ್ಕ ಗೆರೆಯೊಂದು ಚಿಮ್ಮುತ್ತದೆ. ಎದುರಿಗಿದ್ದ ಹಡಗು ಮಾಯವಾಗುತ್ತದೆ. ರಕ್ತವಿಲ್ಲ, ಚೀತ್ಕಾರವಿಲ್ಲ, ಮನುಷ್ಯನ ಮುಖವಂತೂ ಇಲ್ಲವೇ ಇಲ್ಲ.

ಇದು 'ರಿವರ್ ರೇಡ್'. ಅಮೆರಿಕದ ಆಕ್ಟಿವಿಷನ್ ಕಂಪೆನಿ 1982ರಲ್ಲಿ ಹೊರತಂದ ವಿಡಿಯೊ ಗೇಮ್. ಆ ದೇಶದ ಮಕ್ಕಳು ಶಾಲೆಯಿಂದ ಬಂದವರೇ ಟಿ.ವಿ. ಮುಂದೆ ಕುಳಿತು ಆಡುತ್ತಿದ್ದ ಆಟ. ಆದರೆ 1984ರಲ್ಲಿ ಪಶ್ಚಿಮ ಜರ್ಮನಿಯ ಸರ್ಕಾರಿ ಮಂಡಳಿಯೊಂದು ಇದೇ ಆಟವನ್ನು ಎಳೆಯರ ಮನಸ್ಸಿಗೆ ಅಪಾಯಕಾರಿಯಾದವುಗಳ ಪಟ್ಟಿಗೆ ಸೇರಿಸಿತು. ಇದು ಮಕ್ಕಳಿಗೆ ಅರೆಸೈನಿಕ ಶಿಕ್ಷಣ ಕೊಡುತ್ತದೆ ಎಂಬುದು ಮಂಡಳಿಯ ಆರೋಪ.

ಒರಟು ಚೌಕಗಳಿಂದ ಮಾಡಿದ ಆ ವಿಮಾನವನ್ನು ಇಂದು ನೋಡಿದವರಿಗೆ ನಗು ಬರಬಹುದು. ಇಷ್ಟು ಚಿಕ್ಕ ಆಟಕ್ಕೆ ಒಂದು ಸರ್ಕಾರ ಹೆದರಿತೇ? ಆದರೆ ಪ್ರಶ್ನೆ ನಗುವಷ್ಟು ಸುಲಭದ್ದಲ್ಲ. ಪರದೆಯ ಮೇಲೆ ನಿಜವಾಗಿ ಇದ್ದದ್ದೇನು, ನೋಡಿದವರು ಅದರಲ್ಲಿ ಕಂಡದ್ದೇನು ಎಂಬ ಎರಡನ್ನೂ ಬಿಡಿಸಿ ನೋಡಬೇಕಾಗುತ್ತದೆ. ಅದಕ್ಕೆ ಮೊದಲು ಆ ಯಂತ್ರದ ಹೊಟ್ಟೆಯೊಳಗೆ ಸ್ವಲ್ಪ ಇಣುಕಬೇಕು.

ಒಂದು ವಾಕ್ಯದಷ್ಟು ಮೆಮೊರಿ

ರಿವರ್ ರೇಡ್ ಓಡುತ್ತಿದ್ದದ್ದು ಅಟಾರಿ ಕಂಪೆನಿಯ ವಿಡಿಯೊ ಕಂಪ್ಯೂಟರ್ ಸಿಸ್ಟಮ್ ಎಂಬ ಯಂತ್ರದಲ್ಲಿ. 1977ರಲ್ಲಿ ಮಾರುಕಟ್ಟೆಗೆ ಬಂದ ಇದು ಮುಂದೆ 'ಅಟಾರಿ 2600' ಎಂದೇ ಹೆಸರಾಯಿತು. ಮನೆಯ ಟಿ.ವಿ.ಗೆ ಜೋಡಿಸಿ, ಮೇಲಿನ ಸೀಳಿನಲ್ಲಿ ಆಟದ ಕ್ಯಾಸೆಟ್ ಸಿಕ್ಕಿಸಿದರೆ ಆಟ ಶುರು. ಕ್ಯಾಸೆಟ್ ಬದಲಿಸಿದರೆ ಆಟವೂ ಬದಲು.

ಈ ಯಂತ್ರದ ಮೆಮೊರಿ 128 ಬೈಟ್. ಕಿಲೋಬೈಟ್ ಅಲ್ಲ, ಬರೀ ಬೈಟ್. ಇಂದಿನ ಕಂಪ್ಯೂಟರುಗಳಲ್ಲಿ ಕನ್ನಡದ ಒಂದು ಅಕ್ಷರಚಿಹ್ನೆ ಬರೆದಿಡಲು ಸಾಮಾನ್ಯವಾಗಿ 3 ಬೈಟ್ ಬೇಕು. ಕಾಗುಣಿತ, ಒತ್ತಕ್ಷರಗಳಿಗೆ ಬೇರೆ ಲೆಕ್ಕ. ಅಂದರೆ 128 ಬೈಟಿನಲ್ಲಿ ಹಿಡಿಸುವುದು 42 ಚಿಹ್ನೆಗಳು, ಹೆಚ್ಚೆಂದರೆ ಒಂದು ಪುಟ್ಟ ವಾಕ್ಯ. ವಿಮಾನ ಎಲ್ಲಿದೆ, ಎಷ್ಟು ಇಂಧನ ಉಳಿದಿದೆ, ಎಷ್ಟು ಅಂಕ ಬಂದಿದೆ, ಶತ್ರು ಯಾವ ಕಡೆಗೆ ಸರಿಯುತ್ತಿದೆ ಎಂಬುದೆಲ್ಲವನ್ನೂ ಯಂತ್ರ ಆ ಒಂದು ವಾಕ್ಯದಷ್ಟು ಜಾಗದಲ್ಲೇ ನೆನಪಿಟ್ಟುಕೊಳ್ಳಬೇಕು.

ಚಿತ್ರ ಬಿಡಿಸುವ ಬಗೆಯೂ ವಿಚಿತ್ರ. ಹಳೆಯ ಡಬ್ಬಿ ಟಿ.ವಿ.ಯಲ್ಲಿ ಎಲೆಕ್ಟ್ರಾನ್ ಕಿರಣವೊಂದು ಎಡದಿಂದ ಬಲಕ್ಕೆ ಗೆರೆ ಎಳೆಯುತ್ತ, ಗೆರೆಯ ಕೆಳಗೆ ಗೆರೆ ಸೇರಿಸುತ್ತ ಪರದೆ ತುಂಬಿಸುತ್ತದೆ. ಬೇರೆ ಕಂಪ್ಯೂಟರುಗಳು ಇಡೀ ಚಿತ್ರವನ್ನು ಮೊದಲೇ ಮೆಮೊರಿಯಲ್ಲಿ ತಯಾರಿಸಿಟ್ಟು ಆಮೇಲೆ ತೋರಿಸುತ್ತವೆ. ಅಟಾರಿಗೆ ಆ ಭಾಗ್ಯವಿಲ್ಲ. ಕಿರಣ ಒಂದು ಗೆರೆ ಮುಗಿಸುವಷ್ಟರಲ್ಲಿ, ಅಂದರೆ ಸೆಕೆಂಡಿನ ಸುಮಾರು ಹದಿನೈದು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ, ಆ ಗೆರೆಯಲ್ಲಿ ಏನಿರಬೇಕೆಂದು ಪ್ರೋಗ್ರಾಮ್ ಹೇಳಿ ಮುಗಿಸಬೇಕು. ಮಗ್ಗದ ಮುಂದೆ ಕುಳಿತವರು ಲಾಳಿ ಬರುವ ಮೊದಲೇ ನೂಲಿನ ಬಣ್ಣ ನಿರ್ಧರಿಸಿದಂತೆ. ತಡವಾದರೆ ಬಟ್ಟೆ ಕೆಟ್ಟಿತು.

ಪರದೆಯ ಮೇಲೆ ಅತ್ತಿತ್ತ ಸರಿಯಬಲ್ಲ ವಸ್ತುಗಳಾಗಿ ಯಂತ್ರ ಕೊಡುತ್ತಿದ್ದದ್ದು ಐದೇ: ಎರಡು ಬೊಂಬೆ, ಎರಡು ಗುಂಡು, ಒಂದು ಚೆಂಡು. ಏಕೆಂದರೆ ಇದನ್ನು ರೂಪಿಸಿದಾಗ ಕಣ್ಣ ಮುಂದಿದ್ದದ್ದು ಇಬ್ಬರು ಎದುರುಬದುರಾಗಿ ಆಡುವ ಚೆಂಡಾಟ ಮತ್ತು ಟ್ಯಾಂಕ್ ಕಾಳಗ. ಯಂತ್ರದ ಜೊತೆಗೇ ಕೊಡುತ್ತಿದ್ದ 'ಕಾಂಬ್ಯಾಟ್' ಎಂಬ ಆಟವೇ ಇದಕ್ಕೆ ಸಾಕ್ಷಿ. ಒಂದೇ ಕ್ಯಾಸೆಟ್‌ನಲ್ಲಿ 27 ಬಗೆಯ ಆಟಗಳಿದ್ದವು. ಟ್ಯಾಂಕುಗಳ ಕಾಳಗ ಒಂದು ಕಡೆಗಾದರೆ, ಜೋಡಿ ರೆಕ್ಕೆಯ ಹಳೇ ಕಾಲದ ವಿಮಾನಗಳೂ ಜೆಟ್ ವಿಮಾನಗಳೂ ಇನ್ನೊಂದು ಕಡೆ. ಕೆಲವು ಆಟಗಳಲ್ಲಿ ಆಕಾಶದಲ್ಲಿ ಮೋಡಗಳಿದ್ದು, ಅವುಗಳ ಹಿಂದೆ ಹೋದ ವಿಮಾನ ಕಾಣುತ್ತಿರಲಿಲ್ಲ. ಮನೆಯ ಟಿ.ವಿ.ಯಲ್ಲಿ ವಿಮಾನ ಹಾರಿಸಿ ಕಾದಾಡಿದ ಎಷ್ಟೋ ಮಂದಿಗೆ ಇದೇ ಮೊದಲ ಪಾಠ.

ಒಂದು ಮಾತು ಇಲ್ಲಿ ಗಮನಿಸಬೇಕು. ಕಾಂಬ್ಯಾಟ್ ಅನ್ನು ಒಬ್ಬರೇ ಆಡುವಂತಿರಲಿಲ್ಲ. ಯಂತ್ರ ಶತ್ರುವಾಗುತ್ತಿರಲಿಲ್ಲ, ಶತ್ರು ಯಾವಾಗಲೂ ಪಕ್ಕದಲ್ಲೇ ಕುಳಿತ ಅಣ್ಣ, ತಂಗಿ ಅಥವಾ ನೆರೆಮನೆಯ ಗೆಳೆಯ. ಗುಂಡು ತಗುಲಿದ ವಿಮಾನದ ಒಡೆಯ ಮರುಕ್ಷಣ ಮೊಣಕೈಯಿಂದ ತಿವಿಯಬಹುದಿತ್ತು.

ಮಡಿಸಿ ಬಿಚ್ಚಿದ ನದಿ

ಇಂಥ ಯಂತ್ರದಲ್ಲಿ ಎಲ್ಲೂ ನಿಲ್ಲದೆ ಹರಿಯುವ ನದಿಯನ್ನು ತಂದವರು ಕ್ಯಾರಲ್ ಶಾ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ 1978ರಲ್ಲಿ ಅಟಾರಿ ಸೇರಿದ ಇವರು, ಈ ಉದ್ಯಮದಲ್ಲಿ ಆಟ ರೂಪಿಸಿದ ಮೊದಲ ಮಹಿಳೆಯರಲ್ಲಿ ಒಬ್ಬರು. ಮುಂದೆ ಅವರು ಸೇರಿದ ಆಕ್ಟಿವಿಷನ್ ಕಂಪೆನಿಯ ಹುಟ್ಟಿನ ಕಥೆಯೂ ಕುತೂಹಲಕರ. ಆಟ ಬರೆದವರ ಹೆಸರನ್ನು ಅಟಾರಿ ಎಲ್ಲೂ ಹಾಕುತ್ತಿರಲಿಲ್ಲ. ಅದಕ್ಕೆ ಬೇಸತ್ತ ನಾಲ್ವರು ಪ್ರೋಗ್ರಾಮರುಗಳು ಹೊರಬಂದು 1979ರಲ್ಲಿ ಈ ಕಂಪೆನಿ ಕಟ್ಟಿದರು. ಪುಸ್ತಕಕ್ಕೆ ಲೇಖಕರ ಹೆಸರಿರುವಂತೆ ಇವರ ಆಟಗಳಿಗೆ ಬರೆದವರ ಹೆಸರಿರುತ್ತಿತ್ತು.

ರಿವರ್ ರೇಡ್‌ನ ಕ್ಯಾಸೆಟ್‌ನಲ್ಲಿದ್ದ ಜಾಗ 4 ಕಿಲೋಬೈಟ್, ಅಂದರೆ 4,096 ಬೈಟ್. ಪ್ರೋಗ್ರಾಮ್, ಚಿತ್ರ, ಸದ್ದು ಎಲ್ಲವೂ ಅದರೊಳಗೇ. ಹಾಗಿದ್ದಮೇಲೆ ಮೈಲಿಗಟ್ಟಲೆ ನದಿಯ ನಕ್ಷೆ ಎಲ್ಲಿಡುವುದು?

ಶಾ ನಕ್ಷೆಯನ್ನು ಇಡಲೇ ಇಲ್ಲ. ಅವರು ಇಟ್ಟದ್ದು ಒಂದು ಬೀಜಸಂಖ್ಯೆ ಮತ್ತು ಒಂದು ಲೆಕ್ಕದ ಸೂತ್ರ. ಸೂತ್ರವನ್ನು ಬೀಜದ ಮೇಲೆ ಪ್ರಯೋಗಿಸಿದರೆ ಹೊಸ ಸಂಖ್ಯೆ ಬರುತ್ತದೆ. ಅದರ ಮೇಲೆ ಮತ್ತೆ ಪ್ರಯೋಗಿಸಿದರೆ ಮತ್ತೊಂದು. ನೋಡುವವರಿಗೆ ಈ ಸಂಖ್ಯೆಗಳು ಮನಬಂದಂತೆ ಬಿದ್ದ ಕವಡೆಗಳ ಹಾಗೆ ಕಾಣುತ್ತವೆ. ಆದರೆ ಬೀಜ ಅದೇ ಆದರೆ ಸಾಲೂ ಅದೇ. ದಡ ಎಲ್ಲಿ ಕಿರಿದಾಗಬೇಕು, ಎಲ್ಲಿ ಹಡಗು ಬರಬೇಕು ಎಂಬುದನ್ನು ಈ ಸಂಖ್ಯೆಗಳೇ ನಿರ್ಧರಿಸುತ್ತವೆ. ಹೀಗಾಗಿ ಆ ನದಿ ಎಲ್ಲೂ ಬರೆದಿಟ್ಟದ್ದಲ್ಲ, ಆಡುವಾಗ ಹುಟ್ಟುವಂಥದ್ದು. ಆದರೂ ಯಾವ ಊರಿನ ಯಾರು ಆಡಿದರೂ ಎದುರಾಗುವುದು ಅದೇ ತಿರುವು, ಅದೇ ಸೇತುವೆ.

ಪರದೆಯ ಹಿನ್ನೆಲೆಯ ವಿಷಯದಲ್ಲೂ ಯಂತ್ರಕ್ಕೆ ನೆನಪಿರುತ್ತಿದ್ದದ್ದು ಅರ್ಧ ಗೆರೆ ಮಾತ್ರ. ಇನ್ನರ್ಧ ಅದರದೇ ನಕಲು, ಇಲ್ಲವೇ ಕನ್ನಡಿಯ ಪ್ರತಿಬಿಂಬ. ಶಾ ಪ್ರತಿಬಿಂಬವನ್ನು ಆಯ್ದುಕೊಂಡರು. ಕಾಗದದ ಮೇಲೆ ಮಸಿ ಚೆಲ್ಲಿ ಮಡಿಸಿ ಬಿಚ್ಚಿದಾಗ ಎರಡೂ ಬದಿ ಒಂದೇ ಥರ ಮೂಡುವುದಿಲ್ಲವೇ, ರಿವರ್ ರೇಡ್‌ನ ಎಡದಂಡೆ ಬಲದಂಡೆಗಳೂ ಹಾಗೆಯೇ. ನದಿ ಕವಲೊಡೆದಾಗ ದ್ವೀಪ ಸರಿಯಾಗಿ ಮಧ್ಯದಲ್ಲೇ ಬರುವುದಕ್ಕೂ ಇದೇ ಕಾರಣ. ಶತ್ರುಗಳು ಒಬ್ಬರ ಹಿಂದೊಬ್ಬರು ಬರುತ್ತಾರೆಯೇ ಹೊರತು ಒಂದೇ ಸಾಲಿನಲ್ಲಿ ಇಬ್ಬರು ಅಕ್ಕಪಕ್ಕ ನಿಲ್ಲುವುದಿಲ್ಲ. ಎರಡು ಬೊಂಬೆಗಳಲ್ಲಿ ಒಂದು ನಮ್ಮ ವಿಮಾನಕ್ಕೆ ಹೋಯಿತು. ಉಳಿದ ಒಂದನ್ನೇ ಗೆರೆಯಿಂದ ಗೆರೆಗೆ ವೇಷ ಬದಲಿಸಿ ಹಡಗು, ಹೆಲಿಕಾಪ್ಟರ್, ಜೆಟ್ ಎಂದು ತೋರಿಸಿದ್ದಾರೆ. ಒಬ್ಬನೇ ಪಾತ್ರಧಾರಿ ಚೌಕಿಗೆ ಹೋಗಿ ಬಂದು ನಾಲ್ಕು ವೇಷ ನಿಭಾಯಿಸಿದಂತೆ!

ಗುಂಡು ಹಾರಿಸದ ಶತ್ರು

ಈ ಆಟ ಬಂದಾಗ ಈ ವರದಿಗಾರ ಹುಟ್ಟಿಯೇ ಇರಲಿಲ್ಲ. ಲೇಖನಕ್ಕೆಂದು ಕಂಪ್ಯೂಟರಿನಲ್ಲಿ ಅದನ್ನು ಮೊದಲ ಸಲ ಆಡಿದಾಗ ಐದು ನಿಮಿಷದೊಳಗೆ ಹತ್ತಾರು ಬಾರಿ ವಿಮಾನ ನೆಲ ಕಚ್ಚಿತು. ಸೋಜಿಗವೆಂದರೆ ಒಂದು ಸಲವೂ ಅದು ಶತ್ರುವಿನ ಗುಂಡಿಗೆ ಬಲಿಯಾಗಲಿಲ್ಲ. ಬಲಿಯಾಗುವುದು ಸಾಧ್ಯವೂ ಇರಲಿಲ್ಲ. ಅಟಾರಿ 2600ರ ರಿವರ್ ರೇಡ್‌ನಲ್ಲಿ ಶತ್ರುಗಳು ಗುಂಡು ಹಾರಿಸುವುದೇ ಇಲ್ಲ. ಅವರು ಸುಮ್ಮನೆ ಅಡ್ಡ ಬರುತ್ತಾರೆ, ಅಷ್ಟೆ.

ಹಾಗಾದರೆ ಸಾವು ಎಲ್ಲಿಂದ? ಒಂದು, ದಡಕ್ಕೆ ತಾಗಿ. ಎರಡು, ಎದುರು ಬಂದದ್ದಕ್ಕೆ ಡಿಕ್ಕಿ ಹೊಡೆದು. ಮೂರು, ಇಂಧನ ಮುಗಿದು. ಈ ಮೂರನೆಯದರಲ್ಲಿದೆ ಆಟದ ಜೀವ. ಪರದೆಯ ಕೆಳಗೆ ಇಂಧನದ ಮುಳ್ಳು ಇಳಿಯುತ್ತಲೇ ಇರುತ್ತದೆ. ನದಿಯ ಮೇಲೆ ಅಲ್ಲಲ್ಲಿ ಇಂಧನದ ತೊಟ್ಟಿಗಳು ಬರುತ್ತವೆ. ಅವುಗಳ ಮೇಲೆ ಹಾರಿದರೆ ಟ್ಯಾಂಕು ತುಂಬುತ್ತದೆ. ನಿಧಾನವಾಗಿ ಹಾರಿದಷ್ಟೂ ಹೆಚ್ಚು ತುಂಬುತ್ತದೆ. ಆದರೆ ಅದೇ ತೊಟ್ಟಿಯನ್ನು ಹೊಡೆದು ಉರುಳಿಸಿದರೆ 80 ಅಂಕ. ಹಡಗಿಗೆ 30, ಹೆಲಿಕಾಪ್ಟರಿಗೆ 60, ಜೆಟ್ಟಿಗೆ 100, ಸೇತುವೆಗೆ 500. ಮುಂದೆ ಹೋದಂತೆ ತೊಟ್ಟಿಗಳು ಅಪರೂಪವಾಗುತ್ತವೆ. ಅಂಕದ ಆಸೆಗೆ ತೊಟ್ಟಿ ಒಡೆದವನ ವಿಮಾನ ಸ್ವಲ್ಪ ದೂರ ಹೋಗಿ ತಾನಾಗಿ ಬೀಳುತ್ತದೆ.

ಯುದ್ಧದ ವೇಷ ತೊಟ್ಟ ಈ ಆಟ ಒಳಗೊಳಗೆ ಕಲಿಸುತ್ತಿದ್ದದ್ದು ಯಾವಾಗ ಗುಂಡಿ ಒತ್ತಬಾರದು ಎಂಬ ಲೆಕ್ಕಾಚಾರವನ್ನು. ಹದಿನೈದು ಸಾವಿರ ಅಂಕ ದಾಟಿದವರು ಟಿ.ವಿ. ಪರದೆಯ ಫೋಟೊ ತೆಗೆದು ಕಂಪೆನಿಗೆ ಕಳಿಸಿದರೆ ಅಂಗಿಗೆ ಹೊಲಿದುಕೊಳ್ಳುವ ಬಟ್ಟೆಯ ಬಿಲ್ಲೆಯೊಂದು ಅಂಚೆಯಲ್ಲಿ ಬರುತ್ತಿತ್ತು. ಹತ್ತು ಲಕ್ಷ ಮುಟ್ಟಿದರೆ ಅಂಕೆಗಳ ಜಾಗದಲ್ಲಿ ಆರು ಆಶ್ಚರ್ಯಸೂಚಕ ಚಿಹ್ನೆಗಳು ಮೂಡಿ ಆಟ ನಿಲ್ಲುತ್ತಿತ್ತು.

ಬಾನ್ ನಗರದಲ್ಲಿ ಕಂಡದ್ದು

ಈಗ ಜರ್ಮನಿಗೆ ಬರೋಣ. ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳನ್ನು ಗುರುತಿಸುವ ಕೇಂದ್ರ ಮಂಡಳಿಯೊಂದು ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್‌ನಲ್ಲಿತ್ತು. ಅದರ ಪಟ್ಟಿಗೆ ಸೇರಿದ ವಸ್ತು ಪೂರ್ತಿ ನಿಷೇಧವಾಗುತ್ತಿರಲಿಲ್ಲ. ಆದರೆ ಅದನ್ನು ಹದಿನೆಂಟು ತುಂಬದವರಿಗೆ ಮಾರುವಂತಿಲ್ಲ, ಅಂಗಡಿಯ ಮುಂದೆ ಜೋಡಿಸಿಡುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ಮಕ್ಕಳ ಆಟವೊಂದರ ಪಾಲಿಗೆ ಇದು ಹೆಚ್ಚುಕಡಿಮೆ ಮರಣಶಾಸನವೇ.

ಹೀಗೆ ಪಟ್ಟಿ ಸೇರಿದ ಮೊದಲ ವಿಡಿಯೊ ಗೇಮ್‌ಗಳಲ್ಲಿ ರಿವರ್ ರೇಡ್ ಒಂದು. ಆಟಗಾರ ರಾಜಿಯಿಲ್ಲದ ಹೋರಾಟಗಾರನ, ನಾಶ ಮಾಡುವವನ ಪಾತ್ರದಲ್ಲಿ ಮುಳುಗುತ್ತಾನೆ, ಆಟದಿಂದ ಮೈ ಸೆಟೆದುಕೊಳ್ಳುತ್ತದೆ, ಸಿಟ್ಟು, ತಲೆನೋವು ಬರುತ್ತದೆ ಎಂದೆಲ್ಲ ಮಂಡಳಿ ಕಾರಣ ಕೊಟ್ಟಿತು. ಸೇತುವೆ ಒಡೆಯುವುದು, ಶತ್ರುವಿನ ಗಡಿಯೊಳಗೆ ನುಗ್ಗುವುದು ಅವರ ಕಣ್ಣಿಗೆ ಸೈನಿಕ ಕಾರ್ಯಾಚರಣೆಯಾಗಿಯೇ ಕಂಡಿತು.

ಆ ದಿನಗಳ ಜರ್ಮನಿಯನ್ನು ನೆನೆದರೆ ಇದು ಪೂರ್ತಿ ಅರ್ಥವಾಗದ ಮಾತಲ್ಲ. ಎರಡನೇ ಮಹಾಯುದ್ಧ ಮುಗಿದು ನಲವತ್ತು ವರ್ಷವೂ ಆಗಿರಲಿಲ್ಲ. ಆಕಾಶದಿಂದ ಬಿದ್ದ ಬಾಂಬುಗಳಿಗೆ ನಗರಗಳೇ ಉರಿದದ್ದನ್ನು ಕಂಡವರು ಬದುಕಿದ್ದರು. 1983ರಲ್ಲಿ ಅಮೆರಿಕದ ಪರ್ಷಿಂಗ್ ಕ್ಷಿಪಣಿಗಳನ್ನು ತಮ್ಮ ನೆಲದಲ್ಲಿ ನಿಲ್ಲಿಸುವುದರ ವಿರುದ್ಧ ಅಲ್ಲಿ ಲಕ್ಷಾಂತರ ಜನ ಬೀದಿಗಿಳಿದಿದ್ದರು. ಮಂಡಳಿಯ ತೀರ್ಮಾನಕ್ಕೆ ಇವೇ ಕಾರಣ ಎಂದು ಹೇಳಲಾಗದು. ಆದರೆ ವಿಮಾನ ಮತ್ತು ಸೇತುವೆ ಎಂಬ ಎರಡು ಗುರುತುಗಳು ಕ್ಯಾಲಿಫೋರ್ನಿಯಾದಲ್ಲಿ ಒಂದು ನೆನಪನ್ನು, ಬಾನ್‌ನಲ್ಲಿ ಇನ್ನೊಂದು ನೆನಪನ್ನು ಎಬ್ಬಿಸಿದರೆ ಆಶ್ಚರ್ಯವಿಲ್ಲ. ಯಂತ್ರ ತೋರಿಸುತ್ತಿದ್ದದ್ದು ಅಷ್ಟು ಕಡಿಮೆ. ಉಳಿದದ್ದನ್ನೆಲ್ಲ ನೋಡುವವರೇ ತುಂಬಿಕೊಳ್ಳಬೇಕಿತ್ತು.

ಟೋಕಿಯೊ ಕಡೆಗೆ ಹಾರಿದ ಜಪಾನೀ ಆಟ

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಜಪಾನಿನಲ್ಲಿದೆ. ಅಲ್ಲಿನ ಕ್ಯಾಪ್ಕಾಮ್ ಕಂಪೆನಿ 1984ರಲ್ಲಿ '1942' ಎಂಬ ಆಟ ತಂದಿತು. ಮೊದಲು ಕಾಸು ಹಾಕಿ ಆಡುವ ಯಂತ್ರದಲ್ಲಿ ಬಂದು, 1985ರಲ್ಲಿ ನಿಂಟೆಂಡೊ ಕಂಪೆನಿಯ 'ಫ್ಯಾಮಿಕಾಂ' ಎಂಬ ಮನೆಯ ಯಂತ್ರಕ್ಕೆ ಇಳಿಯಿತು. ರೂಪಿಸಿದವರು ಯೋಶಿಕಿ ಒಕಾಮೊಟೊ. ಆಟದ ಕಥೆ ಎರಡನೇ ಮಹಾಯುದ್ಧದ ಶಾಂತಸಾಗರದ ಕಾಳಗ. ಆಟಗಾರ ಹಾರಿಸುವುದು ಅಮೆರಿಕದ ಪಿ-38 ಮಾದರಿಯ ವಿಮಾನವನ್ನು. ಕೆಡಹುವುದು ಜಪಾನೀ ವಿಮಾನಗಳನ್ನು. ಹೊರಟಿರುವುದು ಟೋಕಿಯೊ ಕಡೆಗೆ!

ಹೊರದೇಶದ ಮಾರುಕಟ್ಟೆಯ ಮೇಲೆ ಕಣ್ಣಿಟ್ಟು ಮಾಡಿದ ಆಟವಿದು ಎನ್ನುತ್ತಾರೆ. ಇರಬಹುದು. ಆದರೆ ಅದನ್ನು ಜಪಾನಿನ ಮಕ್ಕಳೂ ಆಡಿದರು. ತಮ್ಮ ಅಜ್ಜಂದಿರ ಕಾಲದ ವಿಮಾನಗಳನ್ನು ತಾವೇ ಹೊಡೆದುರುಳಿಸಿ ಅಂಕ ಎಣಿಸಿದರು. ಜರ್ಮನಿಯ ಮಂಡಳಿಗೆ ಹೆಸರಿಲ್ಲದ ನದಿಯೊಂದು ಯುದ್ಧಭೂಮಿಯಾಗಿ ಕಂಡರೆ, ಇಲ್ಲಿ ಹೆಸರು, ಇಸವಿ, ರಾಜಧಾನಿ ಎಲ್ಲ ಇದ್ದೂ ಅದು ಬರೀ ಆಟವಾಗಿ ಉಳಿಯಿತು.

ಫ್ಯಾಮಿಕಾಂ ಅಟಾರಿಗಿಂತ ಬಹಳ ಮುಂದುವರಿದ ಯಂತ್ರ. ಪರದೆಯ ಮೇಲೆ 64 ಬೊಂಬೆಗಳನ್ನು ಆಡಿಸಬಲ್ಲದು. ಆದರೆ ಒಂದು ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಕೂರಿಸಲಾರದು. ವಿಮಾನಗಳ ಹಿಂಡು ಒಮ್ಮೆಲೆ ಒಂದೇ ಮಟ್ಟಕ್ಕೆ ಬಂದರೆ ಕೆಲವು ಮಿಣಮಿಣ ಮಿನುಗಿ ಮಾಯವಾಗುತ್ತಿದ್ದದ್ದು ಅದಕ್ಕೇ. ಆಡಿದವರಿಗೆ ಆ ಮಿನುಗು ನೆನಪಿರಬಹುದು.

ನೆನಪಿರುವವರು ನಮ್ಮಲ್ಲೂ ಇದ್ದಾರೆ. 1990ರ ದಶಕದಲ್ಲಿ ಫ್ಯಾಮಿಕಾಂನ ಅಗ್ಗದ ನಕಲುಗಳು ಭಾರತದ ಪೇಟೆಗಳಿಗೆ ಬಂದವು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್, ಚೆನ್ನೈನ ಬರ್ಮಾ ಬಜಾರಿನಂಥ ಕಡೆ ಹೊರದೇಶದ ಎಲೆಕ್ಟ್ರಾನಿಕ್ ಸಾಮಾನು ಕೊಳ್ಳುತ್ತಿದ್ದ ಕಾಲ ಅದು. ಮಕ್ಕಳ ಬಾಯಲ್ಲಿ ಅದು 'ಟಿ.ವಿ. ಗೇಮ್'. ಒಂದೇ ಕ್ಯಾಸೆಟ್‌ನಲ್ಲಿ 9999 ಆಟ ಎಂದು ಬರೆದಿರುತ್ತಿತ್ತು. ಹಾಕಿ ನೋಡಿದರೆ ಬೆರಳೆಣಿಕೆಯ ಆಟಗಳೇ ಮತ್ತೆ ಮತ್ತೆ ಬರುತ್ತಿದ್ದವು. ಬೇಸಿಗೆ ರಜೆಯಲ್ಲಿ ಕ್ಯಾಸೆಟ್‌ನ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸಿದ ಕೈಗಳಿಗೆ, ತಾವು ಹಾರಿಸುತ್ತಿದ್ದ ವಿಮಾನ ಯಾವ ದೇಶದ್ದು, ಉರುಳಿಸುತ್ತಿದ್ದದ್ದು ಯಾರದ್ದು ಎಂಬುದು ಗೊತ್ತಿರಲಿಲ್ಲ. ಗೊತ್ತಾಗಬೇಕೆಂದೂ ಅನ್ನಿಸಿರಲಿಲ್ಲ.

ಸೇತುವೆಯ ಮೇಲೊಬ್ಬ ಮನುಷ್ಯ

ಆಟವೇ ಯುದ್ಧ ಕಲಿಸಿಬಿಡುತ್ತದೆ ಎಂಬ ಭಯಕ್ಕೆ ಮೇಲಿನ ವಿವರಗಳು ಹೆಚ್ಚು ಆಧಾರ ಕೊಡುವುದಿಲ್ಲ. ಆದರೆ ಕಥೆ ಇಲ್ಲಿಗೆ ಮುಗಿಯುವುದೂ ಇಲ್ಲ. ಕೆಲವೇ ವರ್ಷಗಳಲ್ಲಿ ಯುದ್ಧವೇ ಆಟದ ಹಾಗೆ ಕಾಣತೊಡಗಿತು.

1991ರ ಜನವರಿಯಲ್ಲಿ ಇರಾಕ್ ಮೇಲೆ ಅಮೆರಿಕ ನೇತೃತ್ವದ ಪಡೆಗಳ ವೈಮಾನಿಕ ದಾಳಿ ಶುರುವಾಯಿತು. ಬಾಂಬು ಹಾಕುವ ವಿಮಾನದ ಕ್ಯಾಮೆರಾದಲ್ಲಿ ಸೆರೆಯಾದ ಕಪ್ಪುಬಿಳುಪು ಚಿತ್ರಗಳನ್ನು ಸೇನೆಯೇ ಸುದ್ದಿಗೋಷ್ಠಿಗಳಲ್ಲಿ ತೋರಿಸಿತು. ಮೇಲಿನಿಂದ ನೋಟ, ನಡುವೆ ಗುರಿಯ ಕೂಡುಗೆರೆ, ಕೆಳಗೆ ಕಟ್ಟಡ, ಒಂದು ಹೊಗೆಯ ಮುದ್ದೆ, ಅಷ್ಟೆ. ಇದನ್ನು 'ನಿಂಟೆಂಡೊ ಯುದ್ಧ' ಎಂದು ಕರೆದವರೂ ಇದ್ದರು. ಭಾರತದ ಹಲವು ನಗರಗಳಿಗೆ ಹೊರದೇಶದ ಟಿ.ವಿ. ವಾಹಿನಿಯ ಮೊದಲ ಪರಿಚಯವಾದದ್ದೂ ಇದೇ ಯುದ್ಧದಲ್ಲಿ.

ಆ ತಿಂಗಳ ಕೊನೆಯ ಒಂದು ಗೋಷ್ಠಿಯಲ್ಲಿ ಜನರಲ್ ನಾರ್ಮನ್ ಶ್ವಾರ್ಜ್‌ಕಾಫ್ ಒಂದು ಸೇತುವೆಯ ಚಿತ್ರ ತೋರಿಸಿದರು. ಗುರಿಗೆರೆಯ ನಡುವೆ ವಾಹನವೊಂದು ಸೇತುವೆ ದಾಟಿ ಹೋಗುತ್ತದೆ. ಅದು ಆಚೆ ಸೇರಿದ ಕೆಲವೇ ಕ್ಷಣಗಳಲ್ಲಿ ಬಾಂಬು ಬಿದ್ದು ಸೇತುವೆ ಸಿಡಿಯುತ್ತದೆ. ಆ ಚಾಲಕನೇ ಇರಾಕಿನ ಅತ್ಯಂತ ಅದೃಷ್ಟವಂತ ಎಂಬರ್ಥದ ಮಾತನ್ನು ಜನರಲ್ ಹೇಳಿದಾಗ ಸಭೆಯಲ್ಲಿ ನಗೆ ಎದ್ದಿತು.

ರಿವರ್ ರೇಡ್‌ನಲ್ಲೂ ಸೇತುವೆಯಿದೆ. 500 ಅಂಕದ ಸೇತುವೆ. ಆದರೆ ಅದರ ಮೇಲೆ ಯಾರೂ ಇರಲಿಲ್ಲ. ಯಾರನ್ನಾದರೂ ನಿಲ್ಲಿಸಲು ಆ ಯಂತ್ರದಲ್ಲಿ ಜಾಗವೇ ಇರಲಿಲ್ಲ. ಇರಾಕಿನ ಸೇತುವೆಯ ಮೇಲೆ ಒಬ್ಬ ಮನುಷ್ಯನಿದ್ದ. ಆತನ ಮುಖ ಕಾಣದಷ್ಟು ಎತ್ತರದಲ್ಲಿ ಕ್ಯಾಮೆರಾ ಇತ್ತು. ಮನುಷ್ಯ ಕಾಣದಿರುವುದು ಒಂದು ಕಡೆ ಯಂತ್ರದ ಬಡತನ, ಇನ್ನೊಂದು ಕಡೆ ದೂರದ ಅನುಕೂಲ. ಎರಡೂ ಒಂದೇ ಗಾತ್ರದ ಟಿ.ವಿ. ಪರದೆಯ ಮೇಲೆ ಬಂದಾಗ ಬೇರ್ಪಡಿಸಿ ನೋಡುವ ಹೊಣೆ ನೋಡುವವರ ಮೇಲೇ ಬೀಳುತ್ತದೆ. ಬಾನ್‌ನ ಮಂಡಳಿ ತಪ್ಪು ಕಡೆ ಬೆರಳು ತೋರಿಸಿರಬಹುದು. ಆದರೆ ಅದರ ಕಳವಳ ಪೊಳ್ಳಾಗಿರಲಿಲ್ಲ.

ಕ್ಯಾರಲ್ ಶಾ 1984ರಲ್ಲಿ ಆಕ್ಟಿವಿಷನ್ ಬಿಟ್ಟರು. 2017ರಲ್ಲಿ ಅಮೆರಿಕದ 'ದ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ಅವರನ್ನು ಉದ್ಯಮದ ಹಿರಿಯ ಚೇತನವೆಂದು ಗೌರವಿಸಲಾಯಿತು. ಅವರ ಆಟಗಳ ಕಾಗದಪತ್ರಗಳು ಈಗ ರೋಚೆಸ್ಟರ್ ನಗರದ ಸ್ಟ್ರಾಂಗ್ ಆಟಗಳ ವಸ್ತುಸಂಗ್ರಹಾಲಯದಲ್ಲಿವೆ. ಹಳೆಯ ಕ್ಯಾಸೆಟ್‌ಗಳನ್ನೇ ಹಾಕಿ ಆಡಬಹುದಾದ ಹೊಸ ಯಂತ್ರವೊಂದು 2023ರಲ್ಲಿ ಅಟಾರಿ ಹೆಸರಿನಲ್ಲೇ ಮಾರುಕಟ್ಟೆಗೆ ಬಂತು.

ಜರ್ಮನಿಯ ಪಟ್ಟಿಯಿಂದ ರಿವರ್ ರೇಡ್ ಹೊರಬಿದ್ದದ್ದು 2002ರಲ್ಲಿ, ಹದಿನೆಂಟು ವರ್ಷಗಳ ಮೇಲೆ. ಆಮೇಲೆ ಅಲ್ಲಿ ಅದಕ್ಕೆ ಎಲ್ಲ ವಯಸ್ಸಿನವರೂ ಆಡಬಹುದೆಂಬ ಮುದ್ರೆ ಸಿಕ್ಕಿತು. ಅಷ್ಟು ವರ್ಷಗಳಲ್ಲಿ ಆ 4,096 ಬೈಟುಗಳಲ್ಲಿ ಒಂದೂ ಬದಲಾಗಿರಲಿಲ್ಲ. ಅದೇ ನದಿ, ಅದೇ ತಿರುವು, ಅದೇ ಖಾಲಿ ಸೇತುವೆ.